ಮಳೆ ಸುರಿಯುವ ಕರಾವಳಿಯ ಬಿಳಿ ವೈನ್

ಮುಂಗಾರು ಕಾಲಿಡುವ ಮುನ್ನ ಮೈಲುತುತ್ತನ್ನೂ ಸುಣ್ಣವನ್ನೂ ಬೇರೆ ಬೇರೆಯಾಗಿ ಕರಗಿಸಿ, ಆಮೇಲೆ ಬೆರೆಸಿ, ಶೇಕಡಾ 1ರ ಬೋರ್ಡೋ ದ್ರಾವಣ ಮಾಡಿಕೊಂಡು ಕಾಳುಮೆಣಸಿನ ಬಳ್ಳಿಗೂ ಅಡಿಕೆಯ ಗೊನೆಗೂ ಸಿಂಪಡಿಸುವುದು ಕೊಡಗಿನ ತೋಟಗಳಲ್ಲಿ ವಾಡಿಕೆ. ಈ ನೀಲಿ ದ್ರಾವಣ ಹುಟ್ಟಿದ್ದು ದ್ರಾಕ್ಷಿತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು, ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಎರಚಿದ್ದ ಮಿಶ್ರಣವು ಎಲೆಗಳನ್ನು ರೋಗದಿಂದಲೂ ಕಾಪಾಡಿದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದರು. ತಮ್ಮ ಪ್ರಯೋಗಗಳ ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದರು. ದ್ರಾಕ್ಷಿಯ ಬೂಜು ತುಪ್ಪಟ ರೋಗ, ಅಡಿಕೆಯ ಕೊಳೆರೋಗ, ಮೆಣಸಿನ ಶೀಘ್ರ ಸೊರಗು ರೋಗ, ಈ ಮೂರನ್ನೂ ತರುವ ಸೂಕ್ಷ್ಮಜೀವಿಗಳು ಒಂದೇ ಬಳಗಕ್ಕೆ ಸೇರಿದವು. ತೆಳುವಾದ ನೀರಿನ ಪದರ ಸಿಕ್ಕರೆ ಸಾಕು, ಅವುಗಳ ಬೀಜಕಣಗಳು ಅದರಲ್ಲಿ ಈಜಿ ಹೋಗಿ ಗಿಡದೊಳಗೆ ಇಳಿಯುತ್ತವೆ. ಹೀಗಿರುವಾಗ ಮಳೆಯ ಸೀಮೆಯೊಂದರಲ್ಲಿ ದ್ರಾಕ್ಷಿ ಬೆಳೆದು, ಅದರಿಂದ ಜಗತ್ತು ಮೆಚ್ಚುವ ಬಿಳಿ ವೈನ್ ಮಾಡುವ ಕುಟುಂಬಗಳಿವೆ ಎಂಬುದು ಕೊಡಗಿನವರಿಗೆ ಕುತೂಹಲ ಹುಟ್ಟಿಸಬೇಕಾದ ಸಂಗತಿ.

ಸ್ಪೇನಿನ ವಾಯವ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿರುವ ಗಲೀಸಿಯ ಪ್ರಾಂತದ ರಿಯಾಸ್ ಬೈಶಾಸ್ ಅಂಥ ಸೀಮೆ. ವೈನ್ ಸೀಮೆಯಾಗಿ ಅದಕ್ಕೆ ಅಧಿಕೃತ ಮನ್ನಣೆ ಸಿಕ್ಕಿದ್ದು 1988ರಲ್ಲಿ. ಅಲ್ಲಿನ ಮುಖ್ಯ ತಳಿ ಅಲ್ಬರೀನ್ಯೊ, ದಪ್ಪ ಸಿಪ್ಪೆಯ ಸಣ್ಣ ಬಿಳಿ ದ್ರಾಕ್ಷಿ. ಹಿಡುವಳಿಗಳು ತೀರಾ ಚಿಕ್ಕವು. ಮನೆಯ ಹಿತ್ತಲಿಗೆ ಹೊಂದಿಕೊಂಡ ತುಂಡು ಜಮೀನಿನಲ್ಲೇ ತಲೆಮಾರುಗಳಿಂದ ಬಳ್ಳಿ ಬೆಳೆಸಿಕೊಂಡು ಬಂದ ಕುಟುಂಬಗಳು ಬಹಳ. ಗ್ರಾನೈಟ್ ಕಲ್ಲಿನ ಕಂಬಗಳನ್ನು ನೆಟ್ಟು, ಆಳೆತ್ತರದಲ್ಲಿ ಚಪ್ಪರ ಹಾಕಿ ಬಳ್ಳಿ ಹಬ್ಬಿಸುತ್ತಾರೆ. ಕಡಲಗಾಳಿ ಚಪ್ಪರದ ಕೆಳಗೆ ಹಾದು ಎಲೆಯನ್ನೂ ಗೊಂಚಲನ್ನೂ ಬೇಗ ಒಣಗಿಸುವುದರಿಂದ ರೋಗದ ಬೀಜಕಣಗಳಿಗೆ ಈಜಲು ಸಿಗುವ ಸಮಯ ಕಡಿಮೆಯಾಗುತ್ತದೆ. ಚಪ್ಪರದಡಿ ಯಂತ್ರ ಓಡಿಸಲಾಗದ ಕಾರಣ ಕೊಯ್ಲೆಲ್ಲ ಕೈಯಲ್ಲೇ ನಡೆಯಬೇಕು.

ಆದರೆ ಆ ಬೆಳೆಯನ್ನು ಉಳಿಸುವುದು ಚಪ್ಪರವೊಂದೇ ಅಲ್ಲ. ಆ ಸೀಮೆಯಲ್ಲಿ ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆ ಬೀಳುತ್ತದೆ, ದ್ರಾಕ್ಷಿಗೆ ಅದು ಬಹಳವೇ. ಆದರೆ ಅದರ ಹೆಚ್ಚಿನ ಪಾಲು ಸುರಿಯುವುದು ಬಳ್ಳಿ ಎಲೆ ಉದುರಿಸಿಕೊಂಡು ಮಲಗಿರುವ ಚಳಿಗಾಲದ ಆಸುಪಾಸಿನಲ್ಲಿ; ಹಣ್ಣು ಬಲಿತು ಮಾಗತೊಡಗುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಳೆ ಕಡಿಮೆ. ಮಡಿಕೇರಿಯಲ್ಲಿ ಲೆಕ್ಕ ತಿರುವುಮುರುವು. ಇಲ್ಲಿನ 3,000 ಮಿಲಿಮೀಟರ್‌ಗೂ ಮೀರಿದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹೊರಗೆಲ್ಲ ಹಸಿರು ಚಿಗುರುತ್ತಿರುವಾಗಲೇ ಬೀಳುತ್ತದೆ. ಬಳ್ಳಿ ನಿದ್ರೆಗೆ ಜಾರುವಷ್ಟು ಚಳಿಯೂ ಇಲ್ಲಿಲ್ಲ. ವಿಜಯಪುರದ ರೈತರು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟನಿ ಮಾಡಿ, ಅಂದರೆ ಕಡ್ಡಿಗಳನ್ನು ಕತ್ತರಿಸಿ, ಬಳ್ಳಿಯ ಕಾಲಚಕ್ರವನ್ನು ತಾವೇ ತಿರುಗಿಸಿ, ಒಣಹವೆಯಲ್ಲಿ ಹಣ್ಣು ಮಾಗುವಂತೆ ನೋಡಿಕೊಳ್ಳುತ್ತಾರೆ. ಮಳೆ ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದೇ ದ್ರಾಕ್ಷಿಯ ಹಣೆಬರಹ ಬರೆಯುತ್ತದೆ ಎಂದು ನಾನು ತಿಳಿದಿದ್ದೇನೆ.

ಹಣ್ಣು ಕೊಯ್ದ ಮೇಲೆ ವೈರಿ ಬದಲಾಗುತ್ತದೆ: ನೀರಿನ ಜಾಗಕ್ಕೆ ಗಾಳಿ ಬರುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿಯೊಂದನ್ನು ಬೆರಳುಗಳ ನಡುವೆ ಮೆಲ್ಲಗೆ ಅದುಮಿ ನೋಡಿದರೆ ಹೊರಬರುವ ತಿರುಳು ತಿಳಿಹಸಿರು, ಬಣ್ಣವೆಲ್ಲ ಸಿಪ್ಪೆಯಲ್ಲಿದೆ. ಕೆಂಪು ವೈನಿಗೆ ರಸವನ್ನು ಸಿಪ್ಪೆಯೊಂದಿಗೇ ಹುದುಗಿಸುತ್ತಾರೆ. ಬಿಳಿ ವೈನಿಗೆ ಹಣ್ಣನ್ನು ಮೊದಲು ಹಿಂಡಿ, ಸಿಪ್ಪೆ ಬೇರ್ಪಡಿಸಿ, ಬರಿಯ ರಸವನ್ನು ಹುದುಗಿಸುತ್ತಾರೆ. ಹೀಗಾಗಿ ಗಾಳಿಯ ಹೊಡೆತ ತಡೆಯಬಲ್ಲ, ಸಿಪ್ಪೆಯ ಒಗರಿಗೆ ಕಾರಣವಾದ ಟ್ಯಾನಿನ್‌ಗಳು ಬಿಳಿ ವೈನಿನಲ್ಲಿ ತೀರಾ ಕಡಿಮೆ. ಹೆಚ್ಚಿದ ಬಾಳೆಕಾಯಿ ಕಪ್ಪಾಗುವಂತೆಯೇ, ಆಮ್ಲಜನಕವೂ ಕಿಣ್ವಗಳೂ ಸೇರಿ ರಸವನ್ನು ಕಂದಾಗಿಸುತ್ತವೆ. ತೋಟವೂ ಹಿಂಡುವ ಯಂತ್ರವೂ ಒಂದೇ ಮನೆಯವರ ಕೈಯಲ್ಲಿದ್ದರೆ ಕೊಯ್ದ ಕೆಲವೇ ಗಂಟೆಗಳಲ್ಲಿ ಹಿಂಡಿ ಮುಗಿಸಬಹುದು. ಚಿಕ್ಕ ವೈನರಿಗಳ ದೊಡ್ಡ ಬಲ ಇದು.

ಮುಂದಿನ ಕೆಲಸ ಯೀಸ್ಟಿನದು. ಒಂದು ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇಕಡಾ 1ರಷ್ಟು ಆಲ್ಕೊಹಾಲ್ ದೊರೆಯುತ್ತದೆ. ಜೊತೆಗೆ ಇಂಗಾಲದ ಡೈ ಆಕ್ಸೈಡೂ ಶಾಖವೂ ಹೊಮ್ಮುತ್ತವೆ. ಹುದುಗುವಾಗ ಹಣ್ಣಿನ ಪರಿಮಳ ಕೊಡುವ ಎಸ್ಟರ್‌ಗಳು ಹುಟ್ಟುತ್ತವೆ. ಶಾಖ ಏರಿದರೆ ಅವು ಗುಳ್ಳೆಗಳೊಡನೆ ಹಾರಿಹೋಗುತ್ತವೆ. ಆದ್ದರಿಂದ ಬಿಳಿ ವೈನನ್ನು ಉಕ್ಕಿನ ತೊಟ್ಟಿಗಳಲ್ಲಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ತಂಪಾಗಿಟ್ಟು ನಿಧಾನವಾಗಿ ಹುದುಗಿಸುತ್ತಾರೆ. ಹುಳಿಯೂ ಕಾವಲುಗಾರನೇ. ಅದನ್ನು ಅಳೆಯುವುದು ಪಿಎಚ್ ಎಂಬ ಅಂಕಿಯಿಂದ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ವೈನ್ ಕೆಡದಂತೆ ಹಾಕುವ ಗಂಧಕದ ಡೈ ಆಕ್ಸೈಡಿನಲ್ಲಿ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುವ ರೂಪದ ಪಾಲು, ಪಿಎಚ್ 3.8 ಇರುವಾಗಿನದಕ್ಕಿಂತ 3.2 ಇರುವಾಗ ಸುಮಾರು ನಾಲ್ಕು ಪಟ್ಟು ಹೆಚ್ಚು. ತಂಪು ಕರಾವಳಿಯ ಅಲ್ಬರೀನ್ಯೊದಲ್ಲಿ ಹುಳಿ ಧಾರಾಳವಾಗಿರುವುದರಿಂದ ಅದನ್ನು ಕಾಪಾಡಲು ಕಡಿಮೆ ಗಂಧಕ ಸಾಕಾಗುತ್ತದೆ.

ಕೊಡಗಿನ ಮನೆಗಳಲ್ಲಿ ದ್ರಾಕ್ಷಿ, ಪ್ಯಾಶನ್ ಫ್ರೂಟ್, ಶುಂಠಿ, ವೀಳ್ಯದೆಲೆಗಳಿಂದ ಮಾಡುವ ವೈನ್ ಬೇರೆಯದೇ ದಾರಿ ಹಿಡಿದಿದೆ. ಇಲ್ಲಿ ಭರಣಿಗೆ ಯೀಸ್ಟಿನೊಂದಿಗೆ ಸಕ್ಕರೆಯನ್ನು ಧಾರಾಳವಾಗಿ ಸುರಿಯುತ್ತಾರೆ. ಆಲ್ಕೊಹಾಲ್ ಏರಿದಂತೆ ಯೀಸ್ಟ್ ಸೋತು ನಿಲ್ಲುತ್ತದೆ, ಉಳಿದ ಸಕ್ಕರೆ ಸಿಹಿಯಾಗಿಯೇ ಉಳಿಯುತ್ತದೆ. ಆ ಸಿಹಿ ನಮ್ಮವರ ನಾಲಿಗೆಗೆ ಒಗ್ಗಿದ್ದು, ಅದನ್ನು ಕೊರತೆ ಎನ್ನಲಾರೆ. ಆದರೆ ಭರಣಿಯ ಬಾಯಿಗೆ ಬರಿಯ ಬಟ್ಟೆ ಕಟ್ಟಿ ವಾರಗಟ್ಟಲೆ ಬಿಡುವುದು ಸರಿಯಲ್ಲ. ಉಕ್ಕುವ ದಿನಗಳಲ್ಲಿ ಮೇಲೆ ನಿಂತ ಇಂಗಾಲದ ಡೈ ಆಕ್ಸೈಡೇ ಗಾಳಿಯನ್ನು ತಡೆಯುತ್ತದೆ. ಗುಳ್ಳೆ ನಿಂತ ಮೇಲೆ ಆ ರಕ್ಷಣೆ ಹೋಗಿ, ಗಾಳಿಯಲ್ಲಷ್ಟೇ ಬೆಳೆಯುವ ಅಸಿಟೋಬ್ಯಾಕ್ಟರ್ ವೈನನ್ನು ವಿನಿಗರ್ ಮಾಡಿಬಿಡುತ್ತದೆ. ಮುಚ್ಚಳಕ್ಕೊಂದು ತೆಳು ಕೊಳವೆ ಸಿಕ್ಕಿಸಿ ಅದರ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿಟ್ಟರೆ ಅನಿಲ ಹೊರಹೋಗುತ್ತದೆ, ಗಾಳಿ ಒಳಬರುವುದಿಲ್ಲ. ಗುಳ್ಳೆ ಪೂರ್ತಿ ನಿಂತ ಬಳಿಕ ತಿಳಿಯನ್ನು ಬಸಿದು, ಬಾಟಲಿಯ ಕತ್ತಿನವರೆಗೆ ತುಂಬಿಸಿ, ಬಿಗಿಯಾಗಿ ಮುಚ್ಚಿ ತಂಪಾದ ಕೋಣೆಯಲ್ಲಿ ಇಡಬೇಕು.