ಪದ ಪರಿಚಯ: ರೇಡಿಯೊ ಫಾರ್ಮ್ಯಾಟ್

ಒಂದು ಬಾನುಲಿ ಕೇಂದ್ರ ಬೆಳಗಿನಿಂದ ರಾತ್ರಿಯವರೆಗೆ ಒಂದೇ ಬಗೆಯ ಸರಕು ಕೊಡುತ್ತಿದ್ದರೆ ಆ ಬಗೆಯೇ ಅದರ ಫಾರ್ಮ್ಯಾಟ್. ಬರೀ ಹಳೆಯ ಹಾಡು, ಬರೀ ಸುದ್ದಿ, ಬರೀ ಭಜನೆ. ಯಾವ ಗಳಿಗೆಯಲ್ಲಿ ರೇಡಿಯೊ ಹಚ್ಚಿದರೂ ಏನು ಸಿಗುತ್ತದೆ ಎಂಬುದು ಕೇಳುಗನಿಗೆ ಗೊತ್ತಿರಬೇಕು; ಕೇಳುತ್ತಿರುವವರು ಯಾರು ಎಂಬುದು ಜಾಹೀರಾತು ಕೊಡುವವನಿಗೆ ಗೊತ್ತಿರಬೇಕು. ಎರಡನೆಯದೇ ಅಸಲಿ ಕಾರಣ ಎಂಬುದು ನನ್ನ ಗುಮಾನಿ.

ಇದು ಅಮೆರಿಕದಲ್ಲಿ ಬೆಳೆದ ಪದ್ಧತಿ. 1950ರ ದಶಕದಲ್ಲಿ ಟಿವಿ ಬಂದು ನಾಟಕ, ಹಾಸ್ಯಗಳನ್ನೆಲ್ಲ ಎತ್ತಿಕೊಂಡು ಹೋದ ಮೇಲೆ ರೇಡಿಯೊ ಹೊಸ ದಾರಿ ಹುಡುಕಬೇಕಾಯಿತು. ಕಾಸು ಹಾಕಿದರೆ ಹಾಡುವ ಯಂತ್ರದ ಮುಂದೆ ಜನ ಅವವೇ ಹಾಡುಗಳನ್ನು ಮತ್ತೆ ಮತ್ತೆ ಕೇಳುವುದನ್ನು ಗಮನಿಸಿ, ಒಮಾಹಾ ನಗರದ ಬಾನುಲಿ ಕೇಂದ್ರದ ಮಾಲೀಕ ಟಾಡ್ ಸ್ಟಾರ್ಜ್, ಜನ ಮೆಚ್ಚಿದ ನಲವತ್ತು ಹಾಡುಗಳನ್ನೇ ಮತ್ತೆ ಮತ್ತೆ ಹಾಕುವ ‘ಟಾಪ್ 40’ ಮಾದರಿಗೆ ಕೈಹಾಕಿದರು ಎಂಬ ಕಥೆಯಿದೆ. ಈಗ ಅಲ್ಲಿ ಹಳ್ಳಿಗಾಡಿನ ಮೂಲದ ಕಂಟ್ರಿ ಸಂಗೀತಕ್ಕೊಂದು, ಹರಟೆಗೊಂದು, ಕ್ರೈಸ್ತ ಪ್ರವಚನಕ್ಕೊಂದು, ಸ್ಪ್ಯಾನಿಷ್ ಭಾಷಿಕರಿಗೊಂದು ಕೇಂದ್ರ.

1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿಯನ್ನು ಈ ಅಳತೆಗೆ ಹಿಡಿದರೆ ಅದಕ್ಕೆ ಫಾರ್ಮ್ಯಾಟೇ ಇಲ್ಲ. ಮಧ್ಯಮ ತರಂಗದ 1107 ಕಿಲೊಹರ್ಟ್ಸ್‌ಗೆ ಮುಳ್ಳು ತಿರುಗಿಸಿದವನಿಗೆ ಹೊತ್ತಿಗೊಂದು ರುಚಿ: ಭಕ್ತಿಗೀತೆ, ವಾರ್ತೆ, ಚಿತ್ರಗೀತೆ, ಕೃಷಿ. ತೊಗರಿ ಹೂ ಬಿಡುವಾಗ ಮೋಡ ಕವಿದರೆ ಕಾಯಿಕೊರಕದ ಭಯ. ಆಗ ರೈತನಿಗೆ ಬೇಕಾದ ಮಾತು ಬರುವುದು ಹಾಡುಗಳ ನಡುವಿನ ಕೃಷಿ ಕಾರ್ಯಕ್ರಮದಲ್ಲಿ. ಹೀಗೆ ಹೊತ್ತನ್ನು ಪಾಲು ಹಾಕುವುದಕ್ಕೆ ‘ಬ್ಲಾಕ್ ಪ್ರೋಗ್ರಾಮಿಂಗ್’ ಎಂಬ ಹೆಸರಿದೆ. ಮಾರುಕಟ್ಟೆ ಪಂಡಿತರು ಇದನ್ನು ಹಳೆಯ ಕಾಲದ್ದೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ: ಹಾಡಿಗೆಂದು ಕಾದವನ ಕಿವಿಗೆ ಬೆಳೆಯ ಮಾತೂ ಬೀಳುವುದು ಇಲ್ಲಿ ಮಾತ್ರ. ನಮ್ಮಲ್ಲಿ ಫಾರ್ಮ್ಯಾಟಿಗೆ ಹತ್ತಿರವಾದದ್ದು 1957ರಲ್ಲಿ ಶುರುವಾದ, ಹೆಚ್ಚಾಗಿ ಚಿತ್ರಗೀತೆ ಕೇಳಿಸುವ ಆಕಾಶವಾಣಿಯದೇ ವಿವಿಧ ಭಾರತಿ.

ಖಾಸಗಿ ಎಫ್‌ಎಂ ಸಂಗತಿ ಬೇರೆ. ಸ್ವಂತ ಸುದ್ದಿ ಪ್ರಸಾರಕ್ಕೆ ಅವುಗಳಿಗೆ ಅನುಮತಿಯಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದಂತೆ ಮರುಪ್ರಸಾರ ಮಾಡಬಹುದು, ಅಷ್ಟೆ. ಹಾಗಾಗಿ ಅಮೆರಿಕದ ಸುದ್ದಿ-ಹರಟೆ ಕೇಂದ್ರದಂಥದ್ದು ಇಲ್ಲಿ ಹುಟ್ಟುವಂತಿಲ್ಲ. ಉಳಿದದ್ದು ಸಿನಿಮಾ ಹಾಡು: ಹೊಸದೋ ಹಳೆಯದೋ, ಕನ್ನಡವೋ ಹಿಂದಿಯೋ.

ಮೂರನೆಯ ಬಗೆ ಸಮುದಾಯ ಬಾನುಲಿ, ಅಂದರೆ ಸುತ್ತಲಿನ ಜನರಿಗಾಗಿ ಸಂಘ-ಸಂಸ್ಥೆಗಳು ನಡೆಸುವ ಪುಟ್ಟ ಕೇಂದ್ರ. ಕಲಬುರಗಿಯಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ‘ಅಂತರ್ವಾಣಿ’ ಎಫ್‌ಎಂನ 90.8 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಇಂಥ ಕೇಂದ್ರಗಳ ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿಯೇ ತಯಾರಾಗಬೇಕೆಂಬುದು ನಿಯಮ. ಇಲ್ಲಿ ಊರೇ ಫಾರ್ಮ್ಯಾಟ್ ಎನ್ನಬಹುದು.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ 234 ಹೊಸ ನಗರಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿ ಬೀದರ್ ಇದೆ. ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಸಂತೆಯಲ್ಲಿ ಕೇಳುವ ಊರು ಅದು. ಅಲ್ಲಿ ಹಣ ಹೂಡುವವರು ಯಾವ ಹಾಡು ಎಂಬುದಕ್ಕಿಂತ ಮೊದಲು ಯಾವ ಭಾಷೆ ಎಂಬುದನ್ನು ತೀರ್ಮಾನಿಸಬೇಕಾಗುತ್ತದೆ.