ರಾಜನ ಹೆಸರಿಲ್ಲದ ಬೆಳ್ಳಿ ನಾಣ್ಯ: ಬಾರ್ಸಿಲೋನಾ, 1808–1814

ಹಳೇ ನಾಣ್ಯ ಕೈಗೆ ಬಂದರೆ ಮೊದಲು ಯಾವ ರಾಜನದ್ದು ಅಂತ ಹುಡುಕುತ್ತೇವೆ ಅಲ್ವಾ? ಬಾರ್ಸಿಲೋನಾದ 5 ಪೆಸೆಟಾ ನಾಣ್ಯದಲ್ಲಿ ಆ ಹುಡುಕಾಟ ನಡೆಯುವುದಿಲ್ಲ. ಒಂದು ಬದಿಯಲ್ಲಿ ವಜ್ರಾಕಾರದ ಚೌಕಟ್ಟು, ಅದರೊಳಗೆ ಊರಿನ ಲಾಂಛನ: ಶಿಲುಬೆ ಮತ್ತು ಉದ್ದುದ್ದ ಪಟ್ಟೆಗಳು. ಇನ್ನೊಂದು ಬದಿಯ ನಡುವೆ ‘5 ಪೆಸೆಟಾಸ್’, ಸುತ್ತ ‘ಎನ್ ಬಾರ್ಸಿಲೋನಾ’ ಮತ್ತು ಇಸವಿ. ಯಾವ ರಾಜನ ಮುಖವೂ ಇಲ್ಲ, ಹೆಸರೂ ಇಲ್ಲ.

ಇದನ್ನು ಹೊಡೆಸಿದ್ದು ಫ್ರೆಂಚರ ಆಡಳಿತ. 1808ರ ಫೆಬ್ರವರಿಯಲ್ಲಿ ಜನರಲ್ ಡ್ಯುಹೆಮ್‌ನ ಪಡೆ ಮಿತ್ರರ ಸೋಗಿನಲ್ಲಿ ಊರಿಗೆ ಬಂತು. ತಿಂಗಳ ಕೊನೆಗೆ ಕೋಟೆಗಳನ್ನೂ ಹಿಡಿಯಿತು. ಮೇ ತಿಂಗಳಲ್ಲಿ ನೆಪೋಲಿಯನ್ ಸ್ಪೇನಿನ ರಾಜಮನೆತನವನ್ನೇ ಪಟ್ಟದಿಂದ ಇಳಿಸಿ, ಅಣ್ಣ ಜೋಸೆಫ್‌ನನ್ನು ಕೂರಿಸಲು ಹೊರಟ. ಸುತ್ತಲ ಹಳ್ಳಿಗಳು ದಂಗೆ ಎದ್ದವು. ಜೂನ್‌ನಲ್ಲಿ ಬ್ರುಕ್ ಎಂಬಲ್ಲಿ ಫ್ರೆಂಚ್ ತುಕಡಿಗಳು ಎರಡು ಸಲ ಹಿಂದೆ ಸರಿಯಬೇಕಾಯಿತು. ಸಮುದ್ರದ ಕಡೆ ಬ್ರಿಟಿಷ್ ಹಡಗುಗಳು. ಊರೊಳಗಿನ ಸೈನ್ಯಕ್ಕೆ ಸಂಬಳ ಕೊಡಲೇಬೇಕು, ಹೊರಗಿಂದ ಹಣ ಬರುವ ದಾರಿ ಕಷ್ಟ. ಹಾಗಾಗಿ ಅಲ್ಲೇ ಟಂಕಸಾಲೆ ಶುರುವಾಯಿತು.

ಈಗ ಮುಖ್ಯ ಪ್ರಶ್ನೆ. ಮ್ಯಾಡ್ರಿಡ್‌ನ ನಾಣ್ಯಗಳಲ್ಲಿ ಜೋಸೆಫ್‌ನ ಮುಖ, ಹೆಸರು ಎರಡೂ ಇವೆ. ಇಲ್ಲೇಕಿಲ್ಲ? ನನ್ನ ಲೆಕ್ಕದಲ್ಲಿ ಇದು ಸಂತೆಯ ಜಾಣತನ. ಜನರ ಮನಸ್ಸಿನ ರಾಜ, ನೆಪೋಲಿಯನ್ ಪಟ್ಟದಿಂದ ಇಳಿಸಿದ ಏಳನೇ ಫರ್ಡಿನಾಂಡ್. ಅವನ ಹೆಸರನ್ನು ಫ್ರೆಂಚರು ಹಾಕುವಂತಿಲ್ಲ. ಜೋಸೆಫ್‌ನ ಹೆಸರು ಹಾಕಿದರೆ ಅಂಗಡಿಯವನು ಮೂಗು ಮುರಿಯುತ್ತಾನೆ. ಊರಿನ ಹೆಸರಿಗೆ ಯಾರ ತಕರಾರೂ ಇಲ್ಲ. ಮುಂದೆ 1810ರಲ್ಲಿ ನೆಪೋಲಿಯನ್ ಬಾರ್ಸಿಲೋನಾ ಇರುವ ಕೆಟಲೋನಿಯಾ ಪ್ರಾಂತ್ಯವನ್ನು ಜೋಸೆಫ್‌ನ ಕೈಯಿಂದ ತಪ್ಪಿಸಿ ಬೇರೆ ಸೇನಾ ಆಡಳಿತಕ್ಕೆ ಕೊಟ್ಟ, 1812ರಲ್ಲಿ ಫ್ರಾನ್ಸಿಗೇ ಸೇರಿಸಿಕೊಂಡ. ಆಗಲೂ ಇಲ್ಲಿ ಹೊರಬರುತ್ತಿದ್ದದ್ದು ಪೆಸೆಟಾಗಳೇ!

ತೂಕವನ್ನೂ ಗಮನಿಸಿ: ಸುಮಾರು 27 ಗ್ರಾಂ. ಆಗ ಎಲ್ಲೆಡೆ ಓಡುತ್ತಿದ್ದ ಸ್ಪೇನಿನ 8 ರಿಯಾಲ್, ಅಂದರೆ ‘ದುರೋ’ ನಾಣ್ಯದಷ್ಟೇ. ಮುದ್ರೆ ಹೊಸದಾದರೂ ತಕ್ಕಡಿಗೆ ಪರಿಚಿತ. ಇದರ ಜೊತೆ 2½ ಮತ್ತು 1 ಪೆಸೆಟಾದ ಬೆಳ್ಳಿ ನಾಣ್ಯ, ತಾಮ್ರದ ಕ್ವಾರ್ಟೋಗಳು, 1812ರಿಂದ ಚಿನ್ನದ 20 ಪೆಸೆಟಾ ಕೂಡ ಇದ್ದವು. ನಾಣ್ಯದ ಮೇಲೆ ‘ಪೆಸೆಟಾ’ ಎಂದು ಬರೆದದ್ದು ಇಲ್ಲೇ ಮೊದಲು. ಸ್ಪೇನ್ ಅದನ್ನು ದೇಶದ ಹಣ ಮಾಡಿಕೊಂಡದ್ದು 1868ರಲ್ಲಿ.

ಗೊಂದಲ ಆಗುವುದು ಒಂದು ಕಡೆ. ಅದೇ 1808ರಲ್ಲಿ ಹತ್ತಿರದ ಜಿರೋನಾದಲ್ಲೂ ತುರ್ತಿನ ಬೆಳ್ಳಿ ನಾಣ್ಯ ಹೊಡೆದರು. ಆದರೆ ಅದು ಫ್ರೆಂಚರ ವಿರುದ್ಧ ನಿಂತವರದ್ದು. ಅದರಲ್ಲಿ ‘ಫೆರ್ VII’ ಅಂತ ಫರ್ಡಿನಾಂಡ್‌ನ ಹೆಸರಿದೆ, ಬೆಲೆ ‘ಉನ್ ದುರೋ’ ಎಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾರ ಕಡೆಯದ್ದು ಅಂತ ಓದಿಯೇ ಹೇಳಬಹುದು.