ಹಾಡು ಬಾಯಿಗೆ ಬಂತು, ಅಕ್ಷರ ಎಲ್ಲಿ?

"ಮಗನಿಗೆ ಕಾಗುಣಿತ ಪೂರ್ತಿ ಬರುತ್ತೆ ಮೇಡಂ. ಹಾಡಿನ ಥರ ಹೇಳ್ತಾನೆ. ಓದು ಅಂದ್ರೆ ಮಾತ್ರ ಕೂರಲ್ಲ."

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಓದು ಕಲಿಯಲು ತಡವರಿಸುವ ಪುಟ್ಟ ಮಕ್ಕಳ ಜೊತೆ ಕೂರುವುದೇ ನನ್ನ ಕೆಲಸ. ಈಚೆಗೆ ಬಂದ ಒಬ್ಬ ಹುಡುಗನಿಗೆ ಐದೂವರೆ ವರ್ಷ. ಬಂದವನೇ ಕೈ ಕಟ್ಟಿ ನಿಂತು ಕ ಕಾ ಕಿ ಕೀ ಅಂತ ಒಂದೇ ಉಸಿರಿಗೆ ಮುಗಿಸಿದ. ರಾಗ ಚೆನ್ನಾಗಿತ್ತು. ನಾನು ಹಾಳೆಯ ಮೇಲೆ 'ಕೊ' ಅಂತ ದೊಡ್ಡದಾಗಿ ಬರೆದು, "ಇದೇನು ಪುಟ್ಟಾ?" ಅಂದೆ. ಅವನು ಹಾಳೆ ನೋಡಲಿಲ್ಲ. ಮೇಲೆ ಫ್ಯಾನ್ ಕಡೆ ನೋಡುತ್ತಾ ಮೆಲ್ಲಗೆ ಕ ಕಾ ಕಿ ಕೀ ಶುರು ಮಾಡಿದ. 'ಕೊ' ದಾಟಿ ಹೋಯಿತು. 'ಕಃ' ಬಂತು. ಮತ್ತೆ ಮೊದಲಿನಿಂದ. ಮೂರನೇ ಸಲಕ್ಕೆ ಕಣ್ಣಲ್ಲಿ ನೀರು.

ಅಪ್ಪ ಪಕ್ಕದಿಂದ "ಮನೆಯಲ್ಲಿ ಹೇಳ್ತಾನೆ, ಇಲ್ಲಿ ನಾಚಿಕೆ" ಅಂದರು. ನಾಚಿಕೆ ಅಲ್ಲ ಸ್ವಾಮಿ. ಅವನಿಗೆ ಗೊತ್ತಿರುವುದು ಹಾಡು. ಅಕ್ಷರವನ್ನು ಅವನಿಗೆ ಯಾರೂ ತೋರಿಸಿಲ್ಲ.

ನೀವೇ ನೋಡಿ. ನಿಮಗೆ ಬಾಯಿಪಾಠ ಇರುವ ಯಾವುದಾದರೂ ಹಾಡಿನ ಮೂರನೇ ಸಾಲಿನ ಎರಡನೇ ಪದ ಥಟ್ಟನೆ ಹೇಳಿ. ಮೊದಲಿನಿಂದ ಗುನುಗದೆ ಆಗುವುದಿಲ್ಲ, ಅಲ್ವಾ? ರಾಗ ಶಬ್ದಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಅದಕ್ಕೇ ಹಾಡು ಮರೆಯುವುದಿಲ್ಲ, ಅದಕ್ಕೇ ನಡುವಿನ ಒಂದು ಚೂರು ಬೇಕೆಂದರೆ ಕೈಗೆ ಸಿಗುವುದೂ ಇಲ್ಲ. ಇಂಗ್ಲಿಷ್ ಅಕ್ಷರಮಾಲೆ ಹಾಡುವ ಎಷ್ಟೋ ಮಕ್ಕಳಿಗೆ 'ಎಲೆಮೆನೊಪಿ' (ಎಲ್, ಎಮ್, ಎನ್, ಓ, ಪಿ) ಅನ್ನುವುದು ಒಂದೇ ಅಕ್ಷರ. ನಮ್ಮಲ್ಲೂ ಕಡಿಮೆಯೇನಿಲ್ಲ. ಒಬ್ಬಳು ಹುಡುಗಿ ಬಹಳ ಗಂಭೀರವಾಗಿ ಕೇಳಿದ್ದಳು: "ಮಿಸ್, ಅಮ್ಮಹಾ ಬರೆಯೋದು ಹೇಗೆ?" ಅಂ ಅಃ!

ಹಾಗಾದರೆ ಹಾಡು ಬೇಡವೇ? ಬೇಕು. ನಾನು ದಿನಾ ಹಾಡುತ್ತೇನೆ, ಅದೂ ಅಪಸ್ವರದಲ್ಲಿ. ಆದರೆ ಹಾಡಿನ ಕೆಲಸ ಕಿವಿಯ ಜೊತೆ. ಮಾತಿನೊಳಗೆ ಶಬ್ದದ ತುಂಡುಗಳಿವೆ ಅಂತ ಮಗುವಿನ ಕಿವಿಗೆ ಗೊತ್ತಾಗಬೇಕು. ಇದು ತಾನಾಗಿ ಗೊತ್ತಾಗುವ ವಿಷಯವಲ್ಲ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಇಸಬೆಲ್ ಲಿಬರ್ಮನ್ ಮತ್ತು ಸಂಗಡಿಗರು ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಪದದಲ್ಲಿ ಎಷ್ಟು ತುಂಡು ಇದೆಯೋ ಅಷ್ಟು ಸಲ ಮೇಜು ತಟ್ಟಲು ಹೇಳಿದರು. 'ಮ-ರ' ಥರದ ದೊಡ್ಡ ತುಂಡುಗಳನ್ನು ನಾಲ್ಕು ವರ್ಷದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ತಟ್ಟಿದರು. 'ಮ್-ಅ' ಥರದ ಬಿಡಿ ಧ್ವನಿಗಳನ್ನು ಆ ವಯಸ್ಸಿನ ಒಬ್ಬರಿಗೂ ತಟ್ಟಲು ಆಗಲಿಲ್ಲ. ಕನ್ನಡದಲ್ಲಿ ಒಂದು ಅನುಕೂಲ ಇದೆ. ನಮ್ಮ ಅಕ್ಷರ ಹೆಚ್ಚಾಗಿ ಆ ದೊಡ್ಡ ತುಂಡನ್ನೇ ಹಿಡಿಯುತ್ತದೆ. ಮ-ರ, ಎರಡು ಚಪ್ಪಾಳೆ, ಎರಡು ಅಕ್ಷರ. ಒತ್ತಕ್ಷರದಲ್ಲಿ ಈ ಹೊಂದಿಕೆ ಕೆಡುತ್ತದೆ, 'ಅಮ್ಮ' ಅಂತ ಚಪ್ಪಾಳೆ ತಟ್ಟಿ ನೋಡಿ: ಬಾಯಲ್ಲಿ ಅಮ್-ಮ, ಬರಹದಲ್ಲಿ ಅ-ಮ್ಮ. ಶುರುವಿಗೆ ಅಂಥ ಪದ ಬೇಡ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಹಾಡನ್ನು ಹಾಡಿ ಮುಗಿಸಿಬಿಡುತ್ತೀರಿ. ಮುಗಿಸಬೇಡಿ, ಒಡೆಯಿರಿ. ಎರಡು ಸಾಲು ಸಾಕು:

ಮರದ ಮೇಲೆ ಮಂಗ
ಅದರ ಹೆಸರು ರಂಗ

ಕೊನೆಯ ಪದ ಬಿಟ್ಟು ಮಗುವಿನ ಮುಖ ನೋಡಿ. ಅದು ತುಂಬುತ್ತದೆ. ನಾಳೆ ಬೇಕೆಂದೇ 'ಅದರ ಹೆಸರು ಗಂಗ' ಅನ್ನಿ. ಜಗಳಕ್ಕೆ ಬರುತ್ತದೆ, ಬರಲಿ. ಆಮೇಲೆ ಎಲ್ಲವನ್ನೂ ಬ-ಕಾರದಲ್ಲಿ ಹಾಡಿ: 'ಬರದ ಬೇಲೆ ಬಂಗ'. ಈ ಜಾಗದಲ್ಲಿ ನಕ್ಕು ಉರುಳಾಡದ ಮಗುವನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಆ ನಗು ಬಂತು ಅಂದರೆ ಕಿವಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಮೊದಲ ಶಬ್ದ ಬದಲಾಗಿದೆ, ಉಳಿದದ್ದು ಹಾಗೇ ಇದೆ ಅಂತ ಅದಕ್ಕೆ ತಿಳಿದಿದೆ.

ಅಲ್ಲಿಗೂ ನಿಲ್ಲಿಸಬೇಡಿ. ಬ್ರಾಡ್ಲಿ ಮತ್ತು ಬ್ರಯಂಟ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಒಂದೇ ಥರ ಕೇಳಿಸುವ ಪದಗಳನ್ನು ಗುಂಪು ಮಾಡಿಸಿದರು. ಇನ್ನು ಕೆಲವರಿಗೆ ಅದರ ಜೊತೆಗೇ ಪ್ಲಾಸ್ಟಿಕ್ ಅಕ್ಷರಗಳನ್ನೂ ಕೈಗೆ ಕೊಟ್ಟರು. ಓದಿನಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದು ಅಕ್ಷರ ಸಿಕ್ಕ ಗುಂಪು. ಆದ್ದರಿಂದ ಆ ಎರಡು ಸಾಲನ್ನು ಪದಗಳ ನಡುವೆ ಜಾಗ ಬಿಟ್ಟು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಹಾಡುತ್ತಾ ಪದದ ಕೆಳಗೆ ಬೆರಳಿಡಲು ಮಗುವಿಗೇ ಹೇಳಿ.

ಏನಾಗುತ್ತದೆ ಗೊತ್ತೇ? ಮಗು 'ಮ' ಅನ್ನುವಾಗ ಬೆರಳು 'ಮರದ' ಕೆಳಗೆ, 'ರ' ಅನ್ನುವಾಗ 'ಮೇಲೆ' ಕೆಳಗೆ, 'ದ' ಅನ್ನುವಾಗ 'ಮಂಗ'ನ ಕೆಳಗೆ. ಸಾಲು ಖಾಲಿ! ಹಾಡು ಇನ್ನೂ ಮುಗಿದಿಲ್ಲ. ಮಗು ಬೆರಳು ನೋಡುತ್ತದೆ, ನಿಮ್ಮನ್ನು ನೋಡುತ್ತದೆ. ದಯವಿಟ್ಟು ಆಗ ಅದರ ಕೈ ಹಿಡಿದು ತಿದ್ದಬೇಡಿ. ಆ ಗೊಂದಲಕ್ಕಾಗಿಯೇ ನಾವು ಇಷ್ಟೆಲ್ಲ ಮಾಡಿದ್ದು. 'ಮರದ' ಅನ್ನುವುದು ಒಂದು ಪದ, ಅದರೊಳಗೆ ಮೂರು ಅಕ್ಷರ ಇವೆ ಅಂತ ಆ ಬೆರಳೇ ಕಂಡುಕೊಳ್ಳಬೇಕು. ಕೆಲವರಿಗೆ ಎರಡು ದಿನ, ಕೆಲವರಿಗೆ ಎರಡು ವಾರ.

ಇನ್ನೊಂದು ಎಚ್ಚರಿಕೆ. ರಾಗಕ್ಕಾಗಿ ನಾವು ಹ್ರಸ್ವವನ್ನು ಎಳೆಯುತ್ತೇವೆ. ಹಾಡಿನಲ್ಲಿ 'ಮರಾ' ಆದದ್ದು ಬರೆಯುವಾಗಲೂ 'ಮರಾ' ಆಗುತ್ತದೆ. ಕರುವಿಗೂ ಕಾರಿಗೂ, ಬಳೆಗೂ ಬಾಳೆಗೂ ಇರುವ ವ್ಯತ್ಯಾಸವೇ ಈ ಎಳೆತ. ಹಾಡಿದ ಮೇಲೆ ಅದೇ ಸಾಲನ್ನು ಒಂದು ಸಲ ಸುಮ್ನೆ ಮಾತಿನಂತೆ ಹೇಳಿ.

"ನನ್ನ ಕಂಠ ಚೆನ್ನಾಗಿಲ್ಲ, ಮೊಬೈಲ್‌ನಲ್ಲಿ ಹಾಕಿದ್ರೆ ಆಗಲ್ವಾ?" ಅನ್ನುವವರು ಜಾಸ್ತಿ. ಮೊಬೈಲ್ ಒಳ್ಳೆಯ ಕಂಠದಲ್ಲಿ ಹಾಡುತ್ತದೆ, ಒಪ್ಪಿದೆ. ಆದರೆ ಅದು 'ಮಂಗ' ಅನ್ನುವ ಮೊದಲು ನಿಂತು ನಿಮ್ಮ ಮಗುವಿನ ಮುಖ ನೋಡುವುದಿಲ್ಲ. ಮಗು ತಪ್ಪಿದರೂ ತನ್ನ ಪಾಡಿಗೆ ಮುಂದೆ ಓಡುತ್ತದೆ.

ಹಾಡಿದರೆ ಓದು ಬಂದೇಬಿಡುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಅಕ್ಷರವನ್ನು ಅಕ್ಷರವಾಗಿಯೇ ಕಲಿಸಬೇಕು, ಕಥೆ ಓದಿ ಹೇಳಬೇಕು. ಇಷ್ಟೆಲ್ಲ ಆಡಿದರೂ ಐದು ದಾಟಿದ ಮಗುವಿಗೆ ಪ್ರಾಸ ಹತ್ತುತ್ತಲೇ ಇಲ್ಲ ಅಂದರೆ ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ನೆಗಡಿಯಿಂದ ಕಿವಿಯೊಳಗೆ ನೀರು ಕಟ್ಟಿಕೊಂಡು ಅರೆಬರೆ ಕೇಳಿಸುವ ಮಕ್ಕಳು ಇರುತ್ತಾರೆ. ಕೇಳುವುದು ಸರಿ ಇದ್ದೂ ಕಷ್ಟವಾಗುತ್ತಿದ್ದರೆ ತಿಳಿದವರಿಗೆ ತೋರಿಸಿ, ಕಾಯಬೇಡಿ.

ಆ ಐದೂವರೆ ವರ್ಷದವನಿಗೆ ಸದ್ಯ ಕಾಗುಣಿತ ರಜೆ. ಗೋಡೆ ಮೇಲಿನ ಎರಡು ಸಾಲು ಮಾತ್ರ. ಹೋದ ವಾರ ಬೆರಳು 'ಮಂಗ'ನ ಕೆಳಗೆ ಬಂದು ನಿಂತಾಗ ಹಾಡೂ ನಿಂತಿತು. ಅವನು ನನ್ನ ಕಡೆ ತಿರುಗಲಿಲ್ಲ. ಕೆಳಗಿನ ಸಾಲಿನ ಕೊನೆಗೆ ಜಿಗಿದು, 'ರಂಗ'ದ 'ಗ' ಮೇಲೆ ಬೆರಳು ಕುಟ್ಟಿ, "ಇಲ್ಲೂ ಅದೇ ಇದೆ!" ಅಂದ. ಅಪ್ಪ ಮೊಬೈಲ್ ನೋಡುತ್ತಿದ್ದರು. ಇನ್ನೊಂದು ಸಲ ತೋರಿಸು ಅಂದೆ.